ಅಪ್ಪನ ಕಾರಿನ ಹಳದಿ ಲೈಟುಗಳು

ಆ ಕಾರಿನಲ್ಲಿ ಇದ್ದದ್ದು ಎರಡೇ ಸೀಟು. ಇದೊಂದನ್ನು ಮಾತ್ರ ನಾನು ಅನುಮಾನವಿಲ್ಲದೆ ಬರೆಯಬಲ್ಲೆ. ಬಣ್ಣ ಕಡು ಹಸಿರು ಎಂದು ನನ್ನ ನೆನಪು. ಅಮ್ಮ ಕೊನೆಯವರೆಗೂ ಅದು ಕಪ್ಪು ಎಂದೇ ಹೇಳುತ್ತಿದ್ದರು. ನಾನು ಇತಿಹಾಸ ಪಾಠ ಮಾಡಿಕೊಂಡು ಬದುಕಿದವನು. ಒಬ್ಬನೇ ಸಾಕ್ಷಿ ಹೇಳಿದ್ದನ್ನು, ಅದರಲ್ಲೂ ಹೊಟ್ಟೆಕಿಚ್ಚಿರುವ ಸಾಕ್ಷಿ ಹೇಳಿದ್ದನ್ನು, ಹಾಗೆಯೇ ನಂಬಬಾರದು ಎಂದು ಎಷ್ಟೋ ವರ್ಷ ತರಗತಿಯಲ್ಲಿ ಹೇಳಿದ್ದೇನೆ. ಇಲ್ಲಿ ಆ ಸಾಕ್ಷಿ ನಾನೇ. ಮಾತುಗಳೆಲ್ಲ ನಡೆದದ್ದು ತುಳುವಿನಲ್ಲಿ, ಬರೆಯುತ್ತಿರುವುದು ಕನ್ನಡದಲ್ಲಿ. ದಾಟಿಸುವಾಗ ನನಗೆ ಬೇಕಾದ ಕಡೆಗೆ ಸ್ವಲ್ಪ ವಾಲಿಸಿರಬಹುದು. ಆ ಕಾಲದಲ್ಲಿ ಡೈರಿ ಬರೆಯುತ್ತಿದ್ದೆ, ಆದರೆ ಅದರಲ್ಲಿ ಸಿಗುವುದು 'ಕಾರ್ಕಳಕ್ಕೆ ಹೋದೆ, ಸೆಕೆ' ಎನ್ನುವಷ್ಟೇ. ಹೊಟ್ಟೆಕಿಚ್ಚನ್ನು ಡೈರಿಯಲ್ಲಿ ಬರೆಯುವಷ್ಟು ಪ್ರಾಮಾಣಿಕತೆ ನನ್ನಲ್ಲಿ ಇರಲಿಲ್ಲ.

ಅಪ್ಪ ಘಟ್ಟದ ಮೇಲಿನ ಒಂದು ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರ್ ಆಗಿ ಸೇರಿ ಮ್ಯಾನೇಜರ್ ಆದವರು. ಐವತ್ತರ ದಶಕದ ಆರಂಭದಲ್ಲಿ ತೋಟದ ಇಂಗ್ಲಿಷ್ ದೊರೆ ತನ್ನ ಊರಿಗೆ ಹೊರಟಾಗ ಕಾರನ್ನು ಅಪ್ಪನಿಗೆ ಮಾರಿ ಹೋದ. ನೆಲಕ್ಕೆ ತಗ್ಗಾದ, ಉದ್ದ ಮೂತಿಯ, ಕಡ್ಡಿ ಚಕ್ರಗಳ, ಮೇಲೆ ಕ್ಯಾನ್ವಾಸ್ ಮಡಚುವ ಸ್ಪೋರ್ಟ್ಸ್ ಕಾರು. ಮುಂದೆ, ದೊಡ್ಡ ಲೈಟುಗಳಿಗಿಂತ ಕೆಳಗೆ, ಹಳದಿ ಗಾಜಿನ ಎರಡು ಫಾಗ್ ಲೈಟು. ಮಂಜಿನಲ್ಲಿ ಬಿಳಿ ಬೆಳಕು ಗೋಡೆಗೆ ಬಡಿದಂತೆ ಕಣ್ಣಿಗೇ ವಾಪಸು ಬರುತ್ತದೆ, ಇದು ಮಾತ್ರ ಕೆಳಗೆ ನೆಲ ಹಿಡಿದುಕೊಂಡು ಹೋಗಿ ರಸ್ತೆಯ ಅಂಚು ತೋರಿಸುತ್ತದೆ ಎಂದು ಅಪ್ಪ ವಿವರಿಸುತ್ತಿದ್ದರು. ಆಗುಂಬೆ ಘಾಟಿಯನ್ನು ಆ ಬೆಳಕಿನಲ್ಲಿ ಎಷ್ಟೋ ಸಲ ಹತ್ತಿ ಇಳಿದವರು ಅವರು. ನಮ್ಮ ಮನೆಯಲ್ಲಿ ಅದಕ್ಕೆ ಫಾಗ್ ಲೈಟು ಎನ್ನುತ್ತಿರಲಿಲ್ಲ. ಹಳದಿ ಲೈಟು, ಅಷ್ಟೇ.

ಇನ್ನು ನಮ್ಮ ಅಳಿಯಕಟ್ಟಿನ ಬಗ್ಗೆ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಮ್ಮಲ್ಲಿ ಗಂಡಸಿನ ಮನೆ ಎಂದರೆ ಅವನ ತಾಯಿಯ, ಅಕ್ಕತಂಗಿಯರ ಮನೆ. ಅವನ ಆಸ್ತಿ ಹೋಗುವುದು ಮಗನಿಗಲ್ಲ, ಸೋದರಳಿಯನಿಗೆ. ಅಪ್ಪನ ಮನೆ ಕಾರ್ಕಳದಲ್ಲಿತ್ತು, ಅವರ ಅಕ್ಕನ ಮನೆ. ನನ್ನ ಮನೆ ಕಾಪುವಿನಲ್ಲಿ, ಅಮ್ಮನ ಮನೆ. ತೋಟ ಬಿಟ್ಟು ಬಂದ ಮೇಲೆ ಅಪ್ಪ ಕಾರ್ಕಳದ ಯಜಮಾನಿಕೆ ನೋಡಿಕೊಂಡು ಅಲ್ಲಿಯೇ ಇರುತ್ತಿದ್ದರು. ಶನಿವಾರ ಕಾಪುವಿಗೆ ಬರುತ್ತಿದ್ದರು, ಸೋಮವಾರ ಹೊರಡುತ್ತಿದ್ದರು. ಕಾಪುವಿನಲ್ಲಿ ಅವರಿಗೆ ಮಣೆ ಹಾಕಿ, ಬಾಳೆ ಎಲೆ ಹಾಸಿ, ಸಾಕು ಎಂದರೂ ಬಿಡದೆ ಬಡಿಸುತ್ತಿದ್ದರು. ಕಾರ್ಕಳದಲ್ಲಿ ಅಡುಗೆಮನೆಗೆ ತಾವೇ ಹೋಗಿ ಗಂಜಿ ಬಗ್ಗಿಸಿಕೊಳ್ಳುತ್ತಿದ್ದರಂತೆ. ಇದನ್ನು ನನಗೆ ಹೇಳಿದವನು ಭಾವ. ಏನೂ ವಿಶೇಷವಿಲ್ಲದಂತೆ ಹೇಳಿದ. ನನಗೆ ಅದು ಬಹಳ ದಿನ ಚುಚ್ಚಿತು. ನನ್ನ ಅಪ್ಪ ತಾವೇ ಗಂಜಿ ಬಗ್ಗಿಸಿಕೊಳ್ಳುವುದನ್ನು ನಾನು ಒಮ್ಮೆಯೂ ನೋಡಿರಲಿಲ್ಲ.

ಭಾವ ಎಂದರೆ ಅತ್ತೆಯ ಮಗ, ಅಪ್ಪನ ಅಳಿಯ. ನನಗಿಂತ ಕೆಲವು ತಿಂಗಳು ದೊಡ್ಡವನು. ಎಸ್ಸೆಸ್ಸೆಲ್ಸಿ ದಾಟದೆ ಕಾರ್ಕಳದಲ್ಲಿ ಅಕ್ಕಿ ಮಿಲ್ಲು ನಡೆಸುತ್ತಿದ್ದ. ನಾನು ಮದರಾಸಿನಲ್ಲಿ ಎಂ.ಎ. ಮುಗಿಸಿ ಉಡುಪಿಯ ಕಾಲೇಜಿನಲ್ಲಿ ಲೆಕ್ಚರರ್ ಆಗಿದ್ದೆ. ಅವನು ನನ್ನ ವಿದ್ಯೆಯ ಬಗ್ಗೆ ಹೆಮ್ಮೆಯಿಂದ ಎಲ್ಲರ ಹತ್ತಿರ ಹೇಳಿಕೊಳ್ಳುತ್ತಿದ್ದ, ನನ್ನನ್ನೂ ಭಾವ ಎಂದೇ ಬಹುವಚನದಲ್ಲಿ ಕರೆಯುತ್ತಿದ್ದ. ಅದರಿಂದಲೂ ನನಗೆ ಸಿಟ್ಟು ಬರುತ್ತಿತ್ತು. ದ್ವೇಷಿಸುವುದಕ್ಕೆ ಅವನು ಒಂದೇ ಒಂದು ಕಾರಣವನ್ನೂ ಕೊಡುತ್ತಿರಲಿಲ್ಲ.

ಕಾರಣ ಎಂದರೆ ಎರಡನೆಯ ಸೀಟು. ಆ ಒಂದು ವರ್ಷವಂತೂ ಅಪ್ಪ ಎಲ್ಲಿಗೆ ಹೋದರೂ ಪಕ್ಕದಲ್ಲಿ ಭಾವ ಇರುತ್ತಿದ್ದ. ಶನಿವಾರ ಕಾಪುವಿಗೂ ಬರುತ್ತಿದ್ದ. ಕಾಫಿ ಕುಡಿದು ಬಸ್ಸು ಹಿಡಿದು ಕಾರ್ಕಳಕ್ಕೆ ಹಿಂದಿರುಗುತ್ತಿದ್ದ. ಸೋಮವಾರ ಬೆಳಿಗ್ಗೆ ಮತ್ತೆ ಬಸ್ಸಿನಲ್ಲಿ ಬಂದು, ಅಪ್ಪನ ಪಕ್ಕ ಕೂತು, ಹೋಗುತ್ತಿದ್ದ. ಒಂದು ಸವಾರಿಯನ್ನೂ ಬಿಡದೆ ಇಷ್ಟು ಕಷ್ಟಪಡುವ ಆಸೆಬುರುಕ ಎಂದು ನಾನು ಮನಸ್ಸಿನಲ್ಲಿ ಅಂದುಕೊಳ್ಳುತ್ತಿದ್ದೆ. ನಮ್ಮ ಪಾಲಿಗೆ ಬರುವ ಎರಡು ದಿನದ ಎರಡು ತುದಿಯನ್ನೂ ಅವನೇ ಕಚ್ಚಿಕೊಂಡಿದ್ದಾನೆ ಎಂದು ಅನ್ನಿಸುತ್ತಿತ್ತು.

ಕಾರು ಕಾಪುವಿನಲ್ಲಿ ಹೆಚ್ಚು ನಿಲ್ಲುತ್ತಿರಲಿಲ್ಲ. ಸಮುದ್ರ ನಮ್ಮ ಮನೆಗೆ ಕೂಗಳತೆಯಲ್ಲಿ ಇತ್ತು. ಉಪ್ಪು ಗಾಳಿಗೆ ಬೀಗದ ಕೈ ಕೂಡ ತುಕ್ಕು ಹಿಡಿಯುವ ಊರು. ಚಿಕ್ಕವನಿದ್ದಾಗ ಒಮ್ಮೆ ನಾನು ಸಮುದ್ರದಲ್ಲಿ ಆಡಿ ಬಂದು, ಕಾರಿನ ಲೈಟುಗಳ ಮೇಲೆ ಧೂಳು ಕಂಡು, ಒದ್ದೆ ಅಂಗಿಯನ್ನೇ ಬಿಚ್ಚಿ ಉಜ್ಜಿದ್ದೆ. ಅಪ್ಪ ಆಮೇಲೆ ಬಹಳ ದಿನ ನನ್ನೊಂದಿಗೆ ಮಾತಾಡಲಿಲ್ಲ. ಬಹಳ ದಿನ ಎಂದು ಬರೆದೆ. ಅವರು ಇರುತ್ತಿದ್ದದ್ದೇ ಎರಡು ದಿನವಾದ್ದರಿಂದ ಬಹುಶಃ ಒಂದೇ ದಿನ ಇರಬೇಕು.

ನಾನು ಹೇಳುತ್ತಿರುವ ವರ್ಷ, ಅರವತ್ತರ ದಶಕದ ಆರಂಭ, ಒಂದು ಭಾನುವಾರದ ಊಟದ ಹೊತ್ತಿಗೆ ಅಪ್ಪ ಅಮ್ಮನಿಗೆ ಎರಡು ವಿಷಯ ಹೇಳಿದರು. ಹಳೆಯ ತೋಟದವರು ಕರೆದಿದ್ದಾರೆ, ಮಳೆಗಾಲ ಹಿಡಿಯುವ ಮೊದಲು ಒಂದು ಸಲ ಘಾಟಿ ಹತ್ತಿ ಬರಬೇಕು. ಹಳದಿ ಲೈಟು ಪೂರ್ತಿ ಮಂಕಾಗಿದೆ, ಅದನ್ನು ಮೊದಲು ಸರಿ ಮಾಡಿಸಬೇಕು. ಇದು ಒಂದು. ಅಲ್ಲಿಂದ ಬಂದ ಮೇಲೆ ಕಾರನ್ನು ಯಾರದಾದರೂ ಕೈಗೆ ಕೊಟ್ಟುಬಿಡುತ್ತೇನೆ, ಇನ್ನು ಸಾಕು. ಇದು ಇನ್ನೊಂದು.

ಯಾರ ಕೈಗೆ ಎಂದು ಅಮ್ಮ ಕೇಳಲಿಲ್ಲ. ಅಪ್ಪ ಊಟ ಮುಗಿಸಿ ಎದ್ದು ಹೋದ ಮೇಲೆ ನಾನು ಅಮ್ಮನನ್ನು ಕೇಳಿದೆ. ಕೆಲವು ವರ್ಷ ಹಿಂದೆ ಹೊಸ ಕಾನೂನು ಬಂದು ಮಕ್ಕಳಿಗೂ ಪಾಲು ಎಂಬ ಮಾತು ಊರಲ್ಲೆಲ್ಲ ಓಡಾಡುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಕಾರು ಅಪ್ಪನ ಸ್ವಂತ ದುಡಿಮೆಯದ್ದು, ಕಾರ್ಕಳದ ಮನೆಯದ್ದಲ್ಲ. ಯಾರಿಗೆ ಬೇಕಾದರೂ ಕೊಡಬಹುದಿತ್ತು. ಇಷ್ಟನ್ನೂ ನಾನು ಅಮ್ಮನಿಗೆ ಪಾಠದಂತೆ ಹೇಳಿದೆ. ಅಮ್ಮ ಎಲೆ ಎತ್ತುತ್ತಾ, "ನಿನಗೆ ಕಾರು ಬೇಕಾ, ಅಪ್ಪ ಬೇಕಾ?" ಎಂದರು. ನನಗೆ ಕಾರು ಬಿಡಲು ಬರುತ್ತಿರಲಿಲ್ಲ. ಅಪ್ಪ ಭಾವನಿಗೆ ಕೊಡದೆ ನನಗೆ ಕೊಡಬೇಕಿತ್ತು, ಅಷ್ಟೇ.

ಹೊಸ ಲೈಟು ಎಲ್ಲೂ ಸಿಗಲಿಲ್ಲ. ಮದರಾಸಿನ ಅಂಗಡಿಯಲ್ಲಿ ವಿಚಾರಿಸಿದರೆ ಹೊರಗಿನ ಸಾಮಾನು ಬರುವುದು ನಿಂತು ಹೋಗಿದೆ ಎಂದರು. ಉಡುಪಿಯಲ್ಲಿ ಲಾರಿಗೆ ಹಾಕುವ ಲೈಟು ಇತ್ತು. ಅದನ್ನು ನೋಡಿ ಅಪ್ಪ, "ಕುದುರೆಗೆ ಎಮ್ಮೆಯ ಕಣ್ಣು ಕೂರಿಸುವುದಾ?" ಎಂದು ವಾಪಸು ಮಾಡಿದರು. ಹಾಗಾಗಿ ಇದ್ದದ್ದನ್ನೇ ಬಿಚ್ಚಿ ಸರಿ ಮಾಡುವುದು ಎಂದಾಯಿತು.

ಬಿಚ್ಚಿದ್ದು ಕಾರ್ಕಳದಲ್ಲಿ. ಮರುದಿನ ಆ ಮನೆಯ ದೈವಗಳಿಗೆ ತಂಬಿಲ ಇತ್ತು, ವರ್ಷಕ್ಕೊಮ್ಮೆ ದೈವದ ಕೋಣೆಯಲ್ಲಿ ಬಡಿಸುವುದು. ಯಜಮಾನನ ಮಗ ಎಂದು ನನ್ನನ್ನೂ ಕರೆದಿದ್ದರು. ಮಗ ಅಲ್ಲಿ ನೆಂಟ. ನನಗೆ ಒಳ್ಳೆಯ ಚಾಪೆ ಹಾಕಿ ಜಗಲಿಯಲ್ಲಿ ಕೂರಿಸಿದ್ದರು. ಅಂಗಳದಲ್ಲಿ ಅಪ್ಪನೂ ಭಾವನೂ ಕಾರಿನ ಮುಂದೆ ಕುಕ್ಕರಗಾಲಲ್ಲಿ ಕೂತು, ತುಕ್ಕು ಹಿಡಿದ ನಟ್ಟಿಗೆ ಸೀಮೆಎಣ್ಣೆ ಬಿಡುತ್ತಾ ಒಬ್ಬರ ಕೈಯಿಂದ ಇನ್ನೊಬ್ಬರು ಸ್ಪ್ಯಾನರ್ ತೆಗೆದುಕೊಳ್ಳುತ್ತಿದ್ದರು. ಕೇಳದೆಯೇ ಕೈ ಚಾಚಿದರೆ ಬೇಕಾದದ್ದು ಕೈಗೆ ಬರುತ್ತಿತ್ತು. ನಾನು ಇಳಿದು ಹೋಗಿ ನಿಂತೆ. ಅಪ್ಪ, "ಅಂಗಿಗೆ ಎಣ್ಣೆ ಆಗ್ತದೆ, ಆಚೆ ನಿಲ್ಲು" ಎಂದರು. ಕಾಳಜಿಯಿಂದಲೇ ಹೇಳಿದ್ದು. ಆದರೆ ಅವರ ಪಕ್ಕ ಎಣ್ಣೆ ಆದ ಅಂಗಿಯವನು ಕೂತಿದ್ದ.

ಗಾಜಿನ ಸುತ್ತಿನ ಬಳೆ ಬಿಡಿಸಿ ಒಳಗೆ ನೋಡಿದರೆ, ಬೆಳಕನ್ನು ಮುಂದಕ್ಕೆ ಎಸೆಯುವ ಬಟ್ಟಲು, ರಿಫ್ಲೆಕ್ಟರ್, ಹಳೆಯ ಕನ್ನಡಿಯಂತೆ ಕಪ್ಪು ಚುಕ್ಕೆ ಹಿಡಿದಿತ್ತು. ಹಿತ್ತಾಳೆಯ ಮೇಲೆ ಬೆಳ್ಳಿಯ ಲೇಪ. ಬೆಳ್ಳಿ ಅರ್ಧ ಸತ್ತಿತ್ತು. ವೈರಿನ ಬಟ್ಟೆ ಹೊದಿಕೆ ಮುಟ್ಟಿದರೆ ಉದುರುತ್ತಿತ್ತು.

"ಕಾಪುವಿನ ಗಾಳಿ" ಎಂದರು ಅಪ್ಪ.

ಅತ್ತೆ ಒಳಗಿನಿಂದಲೇ, ಆ ಗಾಳಿಗೆ ಮನುಷ್ಯರೇ ಉಳಿಯುವುದಿಲ್ಲ, ಇನ್ನು ಬೆಳ್ಳಿ ಉಳಿದೀತಾ ಎಂದು ಸೇರಿಸಿದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ವಾರಕ್ಕೆ ಐದು ದಿನ ಕಾರ್ಕಳದಲ್ಲಿ ನಿಲ್ಲುವ ಕಾರಿಗೆ ಎರಡು ದಿನದ ಕಾಪುವೇ ವಿಷವಾಯಿತೇ ಎಂದು ಕೇಳಬೇಕಿತ್ತು.

ಬಟ್ಟಲುಗಳನ್ನು ಜಗಲಿಯ ಮೂಲೆಯಲ್ಲಿ ಒಂದು ಹಾಳೆಯ ಮೇಲೆ ಇಟ್ಟು ಅಪ್ಪ ಸ್ನಾನಕ್ಕೆ ಹೋದರು, ಭಾವ ಮಿಲ್ಲಿಗೆ ಹೋದ, ನಾನು ಮಲಗಿದೆ. ತಂಬಿಲದ ಮುನ್ನಾದಿನ ದೈವದ ಕೋಣೆಯ ದೀಪ, ಗಂಟೆ, ತಂಬಿಗೆ ಎಲ್ಲವನ್ನೂ ಹೊರಗೆ ತಂದು ಹುಣಸೆಹುಳಿ ಬೂದಿ ಹಾಕಿ ಉಜ್ಜುವುದು ಪದ್ಧತಿ. ಅದನ್ನು ಅತ್ತೆಯೇ ಮಾಡಬೇಕು. ಕಪ್ಪಾದ ಎರಡು ಬಟ್ಟಲು ಮೂಲೆಯಲ್ಲಿರುವುದು ಅವರ ಕಣ್ಣಿಗೆ ಬಿತ್ತು. ತಮ್ಮ ಇಷ್ಟು ಕಷ್ಟಪಟ್ಟು ಬಿಚ್ಚಿದ್ದು, ತೊಳೆಯುವುದಕ್ಕೇ ಇಟ್ಟದ್ದು ಎಂದು ಅವರು ಭಾವಿಸಿದರು. ನಾನು ಎದ್ದು ಬಂದಾಗ ಬಾವಿಕಟ್ಟೆಯ ಮೇಲೆ ದೈವದ ದೀಪಗಳ ಸಾಲಿನ ಕೊನೆಯಲ್ಲಿ ಎರಡು ರಿಫ್ಲೆಕ್ಟರ್ ಬಿಸಿಲಿಗೆ ಒಣಗುತ್ತಿದ್ದವು. ಇದ್ದಬದ್ದ ಬೆಳ್ಳಿಯೂ ಹೋಗಿ ಅಪ್ಪಟ ಹಿತ್ತಾಳೆ ಚಿನ್ನದ ಹಾಗೆ ಹೊಳೆಯುತ್ತಿತ್ತು.

ಆಗ ನನಗಾದದ್ದು ಸಂತೋಷ. ಒದ್ದೆ ಅಂಗಿಯಲ್ಲಿ ಉಜ್ಜಿದ ಹುಡುಗನಿಗೆ ಸಿಕ್ಕಿದ್ದು ಅತ್ತೆಗೂ ಸಿಗಲಿ ಎಂದು ಕಾದು ನಿಂತೆ. ಅಪ್ಪ ಟವೆಲಿನಲ್ಲಿ ತಲೆ ಒರೆಸಿಕೊಳ್ಳುತ್ತಾ ಬಂದರು. ಬಟ್ಟಲೊಂದನ್ನು ಎತ್ತಿ ಮೂಗಿನ ಹತ್ತಿರ ಹಿಡಿದು ತಿರುಗಿಸಿದರು. ನಿಧಾನವಾಗಿ ಅವರ ಭುಜ ಕುಲುಕತೊಡಗಿತು.

"ಅಕ್ಕಾ, ಇನ್ನು ಇದಕ್ಕೆ ಎಣ್ಣೆ ಬತ್ತಿ ಹಾಕಿದರೆ ಆಯಿತು. ಘಾಟಿಯಲ್ಲಿ ಗಾಳಿಗೆ ಆರದ ಹಾಗೆ ನೀನೇ ಮುಂದೆ ಕೂತು ಕೈ ಅಡ್ಡ ಹಿಡಿ."

ಅತ್ತೆಗೆ ಆದದ್ದೇನು ಎಂದು ತಿಳಿದಾಗ ಅವರು ತಲೆಗೆ ಕೈ ಕೊಟ್ಟು ಕೂತರು. ಅಪ್ಪ ಅವರ ಪಕ್ಕದಲ್ಲೇ ಬಾವಿಕಟ್ಟೆಯ ಮೇಲೆ ಕೂತು, ಹೇಗೂ ಹಳೆ ಬೆಳ್ಳಿ ತೆಗೆಯಲೇಬೇಕಿತ್ತು, ಕೆಲಸ ಅರ್ಧ ಮುಗಿಯಿತು ಎಂದು ಸಮಾಧಾನ ಮಾಡಿದರು. ಆ ಮಾತು ನಿಜವೂ ಆಗಿತ್ತು. ನಾನು ಒಳಗೆ ಹೋದೆ.

ಮರು ಬೆಳ್ಳಿ ಹಾಕಿಸುವ ಕೆಲಸ ನಾನು ಕೇಳಿ ತೆಗೆದುಕೊಂಡೆ. ಉಡುಪಿಯಲ್ಲಿ ರಥಬೀದಿಯಿಂದ ಸ್ವಲ್ಪ ಆಚೆ ಗಿಲೀಟು ಹಾಕುವ ಒಬ್ಬರಿದ್ದರು. ಪ್ರಭಾವಳಿ, ಮುಖವಾಡ, ಮದುವೆಯ ಡಾಬು ಇಂಥವು ಅವರಲ್ಲಿಗೆ ಬರುತ್ತಿದ್ದವು. ಬಟ್ಟಲು ನೋಡಿ ಇದು ಯಾವ ದೇವಸ್ಥಾನದ್ದು ಎಂದು ಕೇಳಿದರು. ಕಾರಿನದ್ದು ಎಂದೆ. ಹಾಗಾದರೆ ಮಡಿ ಬೇಡ ಎಂದು ಸಾಮಾನ್ಯ ಕೆಲಸಗಳ ಕಡೆ ಇಟ್ಟರು. ನಾನು ಪ್ರತಿ ದಿನ ಕಾಲೇಜು ಮುಗಿಸಿ ಹೋಗಿ ಬಾಗಿಲಲ್ಲಿ ನಿಲ್ಲುತ್ತಿದ್ದೆ. ಕೊಟ್ಟಾಗ ಅವು ನೀರು ತುಂಬಿದ ಹಾಗೆ ಇದ್ದವು, ತಳ ಎಲ್ಲಿ ಎಂದು ಕಾಣದಷ್ಟು ಹೊಳಪು. ಒಳಗೆ ಬೆರಳು ತಾಗಿಸಬೇಡಿ ಎಂದರು. ಹತ್ತಿಯಲ್ಲಿ ಸುತ್ತಿ, ಬಿಸ್ಕತ್ತಿನ ಡಬ್ಬಿಯಲ್ಲಿ ಇಟ್ಟು, ಮಡಿಲಲ್ಲಿ ಹಿಡಿದುಕೊಂಡು ಬಸ್ಸಿನಲ್ಲಿ ಕಾರ್ಕಳಕ್ಕೆ ಹೋದೆ. ದಾರಿಯುದ್ದಕ್ಕೂ ಅಪ್ಪ ಡಬ್ಬಿ ತೆರೆಯುವುದನ್ನೇ ಯೋಚಿಸುತ್ತಿದ್ದೆ.

ಅಪ್ಪ ಡಬ್ಬಿ ತೆರೆದು, ಹತ್ತಿ ಸರಿಸಿ, ಚೆನ್ನಾಗಿ ಆಗಿದೆ ಎಂದರು. ಅವರು ನೋಡಿದ ರೀತಿಯಲ್ಲಿ ಏನೋ ಕಡಿಮೆ ಇತ್ತು. ನಾನು ಅದನ್ನು ನನ್ನ ಲೆಕ್ಕಕ್ಕೆ ಹಾಕಿಕೊಂಡೆ. ಭಾವ ಬಟ್ಟಲಿನ ಮೇಲೆ ಬಾಗಿ, "ಅಬ್ಬ ಭಾವ, ಇದರಲ್ಲಿ ನೋಡಿ ಕ್ಷೌರ ಮಾಡಬಹುದು ಮಾರಾಯ್ರೆ" ಎಂದ. ಹೊಗಳಿಕೆ ಬೇಕಾದವರಿಂದ ಬರಲಿಲ್ಲ, ಬೇಡದವನಿಂದ ಬಂತು.

ಅವತ್ತು ಸಂಜೆಯೇ ಕೂರಿಸಿದರು. ಹೊಸ ವೈರು, ಹೊಸ ಬಲ್ಬು, ಗಾಜಿನ ಸುತ್ತ ಹೊಸ ರಬ್ಬರು. ಮುಸ್ಸಂಜೆಗೆ ಕಾರನ್ನು ಬೈಹುಲ್ಲಿನ ಕೊಟ್ಟಿಗೆಯ ಸುಣ್ಣದ ಗೋಡೆಗೆ ಎದುರಾಗಿ ನಿಲ್ಲಿಸಿ ಭಾವ ಸ್ವಿಚ್ಚು ಹಾಕಿದ. ಗೋಡೆಯ ಬುಡದಲ್ಲಿ ಅಗಲವಾಗಿ, ಅರಶಿನ ಬಳಿದ ಹಾಗೆ, ಎರಡು ಬೆಳಕು ಬಿದ್ದವು. ಸುಣ್ಣದ ಮೇಲಿನ ಬಿರುಕು, ಹತ್ತುತ್ತಿದ್ದ ಇರುವೆ ಸಾಲು ಎಲ್ಲ ಎದ್ದು ಕಂಡವು. ನಾನು ಅಪ್ಪನ ಕಡೆ ನೋಡಿದೆ.

"ಎಂತ, ಒಂದೇ ಹೊತ್ತಿದ್ದಾ?" ಎಂದರು ಅಪ್ಪ.

ಎರಡೂ ಉರಿಯುತ್ತಿದ್ದವು. ನಾನು ಬಾಯಿ ತೆರೆಯುವಷ್ಟರಲ್ಲಿ ಭಾವ, "ಬ್ಯಾಟರಿ ಸ್ವಲ್ಪ ಕಮ್ಮಿ ಉಂಟು ಮಾವ. ನಾಳೆ ಚಾರ್ಜಿಗೆ ಕೊಡುವ" ಎಂದು ಸ್ವಿಚ್ಚು ಆರಿಸಿದ. ಆರಿಸಿದವನು ನನ್ನ ಕಡೆ ನೋಡಿದ. ಸುಮ್ಮನಿರಿ ಎಂದು ಬೇಡುವ ನೋಟ. ಆ ಕ್ಷಣದಲ್ಲಿ ನನಗೆ ಎರಡು ವಿಷಯ ಒಟ್ಟಿಗೆ ತಿಳಿದವು. ಅಪ್ಪನಿಗೆ ಕಣ್ಣು ಕಾಣುತ್ತಿಲ್ಲ. ಅದು ಇವನಿಗೆ ಗೊತ್ತು. ಯಾವುದು ಮೊದಲು ನೋವು ಕೊಟ್ಟಿತು ಎಂದು ನನ್ನನ್ನು ನಾನು ಬಹಳ ಸಲ ಕೇಳಿಕೊಂಡಿದ್ದೇನೆ. ಎರಡನೆಯದು.

ಬಸ್ಸಿಗೆ ಬಿಡಲು ಭಾವ ನನ್ನ ಜತೆ ನಡೆದು ಬಂದ. ದಾರಿಯಲ್ಲಿ ನಾನಾಗಿಯೇ ಕೇಳಿದೆ. ಹೋದ ಮಳೆಗಾಲದಿಂದ ಹೀಗೆ ಎಂದ.

"ಮತ್ತೆ ಕಾರು ಬಿಡ್ತಾರಲ್ಲ?"

"ನಾನು ಹೇಳ್ತೇನಲ್ಲ ಭಾವ. ತಿರುವು ಉಂಟು, ಎದುರು ಬಸ್ಸು ಉಂಟು, ಎಡಕ್ಕೆ ತೆಗೀರಿ, ಹೀಗೆ. ಅವರಿಗೆ ರಸ್ತೆ ಬಾಯಿಪಾಠ. ನಿಧಾನ ಹೋಗ್ತೇವೆ."

ಶನಿವಾರ ಸೋಮವಾರಗಳ ಆ ಬಸ್ಸಿನ ಓಡಾಟ ಈಗ ಅರ್ಥವಾಯಿತು. ನಾನು ಅಸೂಯೆಪಟ್ಟ ಸೀಟು ಸುಖದ ಸೀಟಾಗಿರಲಿಲ್ಲ. ಅವನು ಅಲ್ಲಿ ಕೂತು ಅಪ್ಪನಿಗೆ ಕಣ್ಣಾಗಿದ್ದ. ಇಷ್ಟು ತಿಳಿದ ಮೇಲೆ ನನ್ನ ಹೊಟ್ಟೆಕಿಚ್ಚು ಆರಬೇಕಿತ್ತು. ಅದು ಹೆಚ್ಚಾಯಿತು. ಇಂಥದ್ದನ್ನು ನನಗೆ ಯಾಕೆ ಹೇಳಲಿಲ್ಲ ಎಂದು ಗದರಿದ ಹಾಗೆ ಕೇಳಿದೆ.

"ಮಾವ ಬೇಡ ಅಂದ್ರು. ನಿಮಗೆ ಗೊತ್ತಾದ್ರೆ ಮರುದಿನವೇ ಮಣಿಪಾಲಕ್ಕೆ ಎಳೆದುಕೊಂಡು ಹೋಗ್ತೀರಂತೆ. ಘಾಟಿ ಒಂದು ಸಲ ಹತ್ತಿ ಆಮೇಲೆ ತೋರಿಸ್ತೇನೆ ಅಂತಾರೆ."

"ನೀನು ಕಣ್ಣು ಕಾಣದವರನ್ನು ಆಗುಂಬೆ ಘಾಟಿಗೆ ಕರ್ಕೊಂಡು ಹೋಗ್ತೀಯಾ?"

ಅದಕ್ಕೇ ಬ್ಯಾಟರಿ ಸರಿ ಇಲ್ಲ ಎಂದು ದಿನ ತಳ್ಳುತ್ತಾ ಇದ್ದೇನೆ ಎಂದ.

ನಾನು ಅಮ್ಮನಿಗೆ ಹೇಳಿದೆ. ಅಪ್ಪನ ಜೀವದ ಚಿಂತೆಯಿಂದ ಹೇಳಿದೆನೋ, ಅವರಿಬ್ಬರ ನಡುವಿನ ಗುಟ್ಟನ್ನು ಒಡೆಯಬೇಕೆಂದು ಹೇಳಿದೆನೋ, ಇಂದಿಗೂ ಬೇರ್ಪಡಿಸಿ ನೋಡಲು ನನ್ನಿಂದಾಗಿಲ್ಲ. ಹೇಳಲೇಬೇಕಾದ ಮಾತಾಗಿತ್ತು ಎಂಬುದು ಮಾತ್ರ ಸತ್ಯ. ಅಮ್ಮ ಆ ಶನಿವಾರ ಊಟಕ್ಕೆ ಬಡಿಸಿ, ಅಪ್ಪನ ಎಲೆಯ ಮೇಲೆ ಮೀನಿನ ಮುಳ್ಳನ್ನು ತಾವೇ ಬಿಡಿಸಿ ಇಟ್ಟರು. ಅಪ್ಪ ಕೈ ನಿಲ್ಲಿಸಿದರು. ಅಮ್ಮನಿಗೆ ಗೊತ್ತಾಗಿದೆ ಎಂದು ಅವರಿಗೆ ಗೊತ್ತಾಯಿತು. ಸೋಮವಾರ ಕಾರು ಕಾರ್ಕಳದ ಬದಲು ಮಣಿಪಾಲದ ದಾರಿ ಹಿಡಿಯಿತು, ಭಾವ ಬಿಟ್ಟ. ಅವನಿಗೆ ಬಿಡಲು ಬರುತ್ತಿತ್ತು. ಅಪ್ಪ ಯಾವಾಗಲೋ ಕಲಿಸಿದ್ದರು. ನಾನು ಬಸ್ಸಿನಲ್ಲಿ ಹೋದೆ.

ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಆಗೆಲ್ಲ ಪೊರೆ ತೆಗೆದ ಮೇಲೆ ತಲೆಯ ಎರಡು ಬದಿಗೆ ಮರಳಿನ ಚೀಲ ಇಟ್ಟು, ಕಣ್ಣಿಗೆ ಪಟ್ಟಿ ಕಟ್ಟಿ, ಅಲುಗಾಡದಂತೆ ಮಲಗಿಸುತ್ತಿದ್ದರು. ಆಸ್ಪತ್ರೆಯಲ್ಲಿ ಮಂಚದ ಪಕ್ಕ ಚಾಪೆ ಹಾಕಿ ಇದ್ದವನು ಭಾವ. ಅದು ಅಳಿಯನ ಹಕ್ಕು, ಯಾರೂ ಚರ್ಚಿಸಲಿಲ್ಲ. ನಾನು ಉಡುಪಿಯಿಂದ ತರಗತಿ ಮುಗಿಸಿ ಬಂದು ಕೂತು ಹೋಗುತ್ತಿದ್ದೆ. ಅಲ್ಲಿಯೂ ನೆಂಟ.

ಒಂದು ಮಧ್ಯಾಹ್ನ ಭಾವ ಸ್ನಾನಕ್ಕೆಂದು ಪರ್ಕಳದಲ್ಲಿ ಗುರುತಿನವರ ಮನೆಗೆ ಹೋಗಿದ್ದ. ನಾನು ಒಬ್ಬನೇ ಇದ್ದೆ. ಅಪ್ಪ ನಿದ್ದೆ ಹೋಗಿದ್ದಾರೆ ಎಂದುಕೊಂಡಿದ್ದೆ.

"ನೀನಾ ಇರುವುದು?" ಎಂದರು.

ಹೌದು ಎಂದೆ.

"ಕಾರು ನನ್ನ ದುಡಿಮೆಯದ್ದು. ಮನೆಯದ್ದಲ್ಲ. ನಿನಗೆ ಬೇಕಾ?"

ನಾನು ವರ್ಷಗಳಿಂದ ಕಾದ ಮಾತು. ಆದರೆ ನಾನು ಕಾದದ್ದು ಈ ರೂಪದಲ್ಲಿ ಅಲ್ಲ. ಬೇಕಾ ಎಂದು ಕೇಳುತ್ತಾರೆ ಎಂದು ನಾನು ಎಣಿಸಿರಲಿಲ್ಲ, ಕೊಡುತ್ತೇನೆ ಎನ್ನುತ್ತಾರೆ ಎಂದು ಎಣಿಸಿದ್ದೆ. ಅಳಿಯನನ್ನು ಯಾರು ಬೇಕಾ ಎಂದು ಕೇಳುತ್ತಾರೆ? ಅವನಿಗೆ ತಾನಾಗಿ ಬರುತ್ತದೆ. ಪಟ್ಟಿ ಕಟ್ಟಿದ ಮುಖದಲ್ಲಿ ಓದಲು ಏನೂ ಇರಲಿಲ್ಲ. ಊಟಕ್ಕೆ ಕೂತ ನೆಂಟರು, ಬಡಿಸುವವರು ಮೊದಲ ಸಲ ಬಂದಾಗ, ಎಲೆಯ ಮೇಲೆ ಕೈ ಅಡ್ಡ ಹಿಡಿಯುತ್ತಾರೆ. ಬಡಿಸುವವರು ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಮತ್ತೆ ಕೇಳುತ್ತಾರೆ, ಆಗ ಕೈ ಸರಿಯುತ್ತದೆ. ನಾನು ಆ ರೀತಿಯಲ್ಲೇ ಬೆಳೆದವನು. ಕೈ ಅಡ್ಡ ಹಿಡಿದೆ.

"ನನಗೆ ಡ್ರೈವಿಂಗ್ ಬರುವುದಿಲ್ಲವಲ್ಲ" ಎಂದೆ.

"ಕಲಿಯಬಹುದು."

"ನೋಡುವ."

ಇನ್ನೊಮ್ಮೆ ಕೇಳಲಿ ಎಂದು ಕೂತೆ. ಅಪ್ಪ ಕೇಳಲಿಲ್ಲ. ಗಂಟೆ ಎಷ್ಟಾಯಿತು ಎಂದರು, ಹೇಳಿದೆ. ಅಷ್ಟರಲ್ಲಿ ಭಾವ ತಲೆಗೆ ಎಣ್ಣೆ ಹಚ್ಚಿಕೊಂಡು ಬಂದ.

ಪಟ್ಟಿ ಬಿಚ್ಚಿ ದಪ್ಪ ಕನ್ನಡಕ ಬಂದ ಕೆಲವು ವಾರಗಳಲ್ಲಿ ಅವರಿಬ್ಬರೂ ಘಾಟಿ ಹತ್ತಿ ಬಂದರು. ಭಾವ ಬಿಟ್ಟ, ಅಪ್ಪ ಪಕ್ಕ ಕೂತರು. ಮೇಲಿನ ತಿರುವುಗಳಲ್ಲಿ ಮಂಜಿತ್ತಂತೆ, ಹಳದಿ ಲೈಟು ಹಾಕಿದರಂತೆ, ಅಪ್ಪ ರಸ್ತೆಯ ಅಂಚಿನ ಕಲ್ಲುಗಳನ್ನು ಒಂದೊಂದಾಗಿ ಮಗುವಿನ ಹಾಗೆ ತೋರಿಸಿದರಂತೆ. ನಾನು ಹೊತ್ತುಕೊಂಡು ಹೋದ ಬೆಳ್ಳಿಯ ಬೆಳಕು. ಅದನ್ನು ಅಪ್ಪ ಮೊದಲ ಸಲ ಸರಿಯಾಗಿ ಕಂಡಾಗ ನಾನು ಉಡುಪಿಯಲ್ಲಿ ಪರೀ‌ಕ್ಷೆಯ ಉತ್ತರಪತ್ರಿಕೆ ತಿದ್ದುತ್ತಿದ್ದೆ. ಹಿಂದಿರುಗಿದ ಮೇಲೆ ಕಾರು ಭಾವನದ್ದಾಯಿತು. ಅಪ್ಪ ಅದನ್ನು ಅಮ್ಮನಿಗೆ ಹೇಳಿದರು, ಅಮ್ಮ ನನಗೆ ಹೇಳಿದರು.

ಆಮೇಲೆ ನಾನು ಉಡುಪಿಯಲ್ಲಿ ಒಬ್ಬ ಟ್ಯಾಕ್ಸಿಯವರ ಹತ್ತಿರ ಡ್ರೈವಿಂಗ್ ಕಲಿತೆ. ಯಾರಿಗೂ ಹೇಳಲಿಲ್ಲ. ಯಾವ ಕಾರಿಗೆಂದು ಕಲಿತೆನೋ ನನಗೇ ಗೊತ್ತಿಲ್ಲ.

ಮಳೆ ಹಿಡಿದ ಮೇಲೆ ಒಂದು ಬೆಳಿಗ್ಗೆ ಕಾಪುವಿನ ಹೆದ್ದಾರಿ ಬದಿಯಲ್ಲಿ ಕೊಡೆ ಹಿಡಿದು ಬಸ್ಸಿಗೆ ಕಾಯುತ್ತಿದ್ದೆ. ಮಳೆಯ ಒಳಗಿನಿಂದ ನೆಲಕ್ಕೆ ಹತ್ತಿರವಾಗಿ ಎರಡು ಹಳದಿ ಬೆಳಕು ಬಂದವು. ಕಾರು ನಿಲ್ಲುವ ಮೊದಲೇ ಅಪ್ಪ ಕೈ ಎತ್ತಿದ್ದರು. ಇಳಿಯುತ್ತಾ, ದೂರದ ಒಂದು ಮರ ತೋರಿಸಿ, ಅಲ್ಲಿಂದಲೇ ನಿನ್ನ ಗುರುತು ಹಿಡಿದೆ ಎಂದು ಹೇಳಿದರು. ನಾನು ಹೌದಾ ಎಂದೆ. ನನ್ನ ಕಣ್ಣು ಸ್ಟಿಯರಿಂಗ್ ಹಿಡಿದ ಕೈಗಳ ಮೇಲಿತ್ತು. ಅಪ್ಪ ಕೊಡೆ ಬಿಡಿಸಿ ಮನೆಯ ಓಣಿಗೆ ಇಳಿದರು.

ಭಾವ ಉಡುಪಿಗೆ ಬಿಡುತ್ತೇನೆ ಎಂದ. ಬಸ್ಸು ಬರುತ್ತದೆ ಎಂದೆ. ಅವನು ಬಾಗಿಲು ತೆರೆದು ಹಿಡಿದೇ ಕೂತ, ಮಳೆ ಸೀಟಿನ ಮೇಲೆ ಬೀಳುತ್ತಿತ್ತು. ಹತ್ತಿದೆ. ಆ ಸೀಟಿನಲ್ಲಿ ನಾನು ದೊಡ್ಡವನಾದ ಮೇಲೆ ಕೂತದ್ದು ಅದೇ ಮೊದಲು ಎಂದು ನೆನಪು.

ಕಟಪಾಡಿ ದಾಟಿತು. ಉದ್ಯಾವರದ ಸೇತುವೆಯ ಹತ್ತಿರ ಅವನು ರಸ್ತೆ ನೋಡಿಕೊಂಡೇ ಹೇಳಿದ.

"ನಿಮಗೆ ಬೇಸರ ಉಂಟು ಅಂತ ನನಗೆ ಗೊತ್ತು ಭಾವ. ಮಾವ ತಾವಾಗಿ ಕೊಟ್ಟದ್ದಲ್ಲ. ನಾನು ಕೇಳಿದ್ದು."

"ಕೇಳಿದ್ದಾ?"

"ಆಸ್ಪತ್ರೆಗೆ ಸೇರುವ ಮೊದಲೇ ಒಂದು ಸಲ ಕೇಳಿದೆ. ಕೊಡಲಿಲ್ಲ. ಮೊದಲು ಮಗನನ್ನು ಕೇಳಬೇಕು ಅಂದ್ರು. ನಿಮಗೆ ಬೇಡವಂತೆ ಅಂತ ಗೊತ್ತಾದ ಮೇಲೆ ಪುನಃ ಕೇಳಿದೆ. ಕೇಳದಿದ್ರೆ ಯಾರಿಗೋ ಮಾರ್ತಿದ್ರು."

ವರ್ಷಗಳ ನಂತರ ಒಮ್ಮೆ ನಾನು ಈ ಮಾತನ್ನು ನೆನಪಿಸಿದಾಗ ಭಾವ, ಹಾಗೆ ಹೇಳಿದ್ದೇನಾ, ಇರಬಹುದು ಎಂದಷ್ಟೇ ಅಂದ. ಹಾಗಾಗಿ ಇದಕ್ಕೂ ಸಾಕ್ಷಿ ನಾನೊಬ್ಬನೇ. ಆದರೆ ಕಾರಿನ ಒಳಗೆ ಎಲ್ಲಿ ಮಳೆ ಸೋರುತ್ತಿತ್ತು, ಯಾವ ಮೊಣಕಾಲಿಗೆ ಹನಿ ಬೀಳುತ್ತಿತ್ತು ಎಂಬುದೂ ಆ ಮಾತಿನ ಜತೆಗೇ ನೆನಪಿದೆ. ಕಟ್ಟಿಕೊಂಡ ಮಾತಿಗೆ ಇಷ್ಟು ನೀರು ಇರುವುದಿಲ್ಲ.

ಕಾಲೇಜಿನ ಗೇಟಿನ ಹತ್ತಿರ ಇಳಿದೆ. ವಿದ್ಯಾರ್ಥಿಗಳು ಕಾರಿನ ಸುತ್ತ ಸೇರಿದರು, ಇದು ಯಾರದ್ದು ಸಾರ್ ಎಂದು ಒಬ್ಬ ಕೇಳಿದ. ನಮ್ಮ ಭಾವನದ್ದು ಎಂದೆ. ಭಾವ ನಗುತ್ತಾ ಕಾರನ್ನು ಹಿಂದಕ್ಕೆ ತೆಗೆದ. ಒಂದು ಸಲ ಇಲ್ಲ ಎಂದವರ ಎದುರು ಹೋಗಿ ಎರಡನೆಯ ಸಲ ಬಾಯಿ ತೆರೆದು ಕೇಳುವುದು ಅವನಿಗೆ ಹೇಗೆ ಸಾಧ್ಯವಾಯಿತು ಎಂದು ಯೋಚಿಸುತ್ತಾ ನಿಂತಿದ್ದೆ. ಒಂದು ಕ್ಷಣ ಅವನನ್ನು ನಿಲ್ಲಿಸಿ, ಸ್ವಲ್ಪ ದೂರ ನಾನು ಬಿಡಲಾ ಎಂದು ಕೇಳಬೇಕು ಅನ್ನಿಸಿತು. ಅವನು ಕೊಡುತ್ತಿದ್ದ, ಅದರಲ್ಲಿ ಅನುಮಾನವಿರಲಿಲ್ಲ. ಕಾರು ತಿರುಗಿ, ಮಳೆಯಲ್ಲಿ ದಕ್ಷಿಣಕ್ಕೆ ಹೋಯಿತು. ಗಂಟೆ ಹೊಡೆದಿತ್ತು. ನಾನು ಒಳಗೆ ಹೋದೆ.